ಹದಿನಾರು ಆವರ್ತ

ಷಿಕಾಗೊ, ಫೆಬ್ರವರಿ, ಹೋಟೆಲಿನ ಒಂಬತ್ತನೇ ಮಹಡಿ.
ಐಸ್ ಯಂತ್ರದ ಪಕ್ಕದ ಕುರ್ಚಿಯಲ್ಲಿ ನಾನು,
ಡುಲೂತಿನ ರಸ್ತೆಯುಪ್ಪು ಇನ್ನೂ ಬಿಡದ ಬೂಟು,
ತೊಡೆಯ ಮೇಲೆ ಮಗಳ ಕೋಟು.

ಕಾರಿಡಾರಿನುದ್ದಕ್ಕೂ ಹದಿನೇಳರ ಹುಡುಗಿಯರು,
ಪಚ್ಚೆ, ನೀಲ, ಕೆಂಪು,
ಒಡವೆ ಪೆಟ್ಟಿಗೆ ಬೋರಲು ಬಿದ್ದ ಹಾಗೆ.
ಒಬ್ಬಳು ಗೋಡೆಗೆ ಮುಖಮಾಡಿ ಕುದುರೆಯಂತೆ ತುಟಿ ಅದುರಿಸುತ್ತಾಳೆ,
ಒಬ್ಬಳು ಹಬೆಗೆ ಮೂಗೊಡ್ಡಿದ್ದಾಳೆ,
ಮೆಟ್ಟಿಲ ಬಾಗಿಲ ಹಿಂದೆ ಯಾವನೋ ಹುಡುಗ
ಒಂದೇ ಸ್ವರವನ್ನು ಹತ್ತಿ, ಜಾರಿ, ಮತ್ತೆ ಹತ್ತಿ.
ನಾನು ಬಂದರಿನಲ್ಲಿ ಹಡಗಿಗೆ ಅದಿರು ತುಂಬುವವನು.
ನನ್ನ ಕಿವಿಗೆ ಎಲ್ಲರೂ ಚೆನ್ನಾಗಿಯೇ ಹಾಡುತ್ತಾರೆ.
ಅದೇ ಭಯ.

ಐನೋ ಜಾಸ್ಕೆಲಾ, ಎಂದು ಕರೆದರು.
ಯಾಸ್ಕೆಲಾ ಎಂದು ಅವಳು ತಿದ್ದಲಿಲ್ಲ.
ಬಾಗಿಲು ಮುಚ್ಚಿತು. ಪಿಯಾನೊ. ಹದಿನಾರು ಆವರ್ತ.
ಹನ್ನೆರಡು ವರ್ಷ ಬಚ್ಚಲಲ್ಲಿ, ಟ್ರಕ್ಕಿನಲ್ಲಿ,
ಅಮ್ಮನ ಆಸ್ಪತ್ರೆ ಮಂಚದ ಪಕ್ಕದಲ್ಲಿ
ಹಾಡಿದ್ದಕ್ಕೆಲ್ಲ ಹದಿನಾರು ಆವರ್ತ.
ಆಮೇಲೆ ಯಾರೋ ಥ್ಯಾಂಕ್ಯೂ ಅಂದರು,
ಅಂಗಡಿಯವ ಚಿಲ್ಲರೆ ಕೊಡುವಾಗ ಅನ್ನುತ್ತಾನಲ್ಲ, ಹಾಗೆ.
ಕುಣಿತದಲ್ಲಿ ಎಲ್ಲರೂ ಎಡಕ್ಕೆ, ನಾನೊಬ್ಬಳೇ ಬಲಕ್ಕೆ,
ಎಂದು ನಗುತ್ತ ಬಂದವಳು ಲಿಫ್ಟಿನಲ್ಲಿ ಅತ್ತಳು.

ಹಾಡು, ಕುಣಿತ, ನಾಟಕ ಮೂರನ್ನೂ ಕಲಿಸುವ
ಹನ್ನೊಂದು ಕಾಲೇಜು. ಒಂಬತ್ತು ಬೇಡವೆಂದವು.

ಉಳಿದೆರಡರಲ್ಲಿ ಒಂದು ನ್ಯೂಯಾರ್ಕಿನದು.
ದಪ್ಪ ಕಾಗದ, ಬೆರಳಿಗೆ ತಾಗುವ ಉಬ್ಬಚ್ಚಿನ ಹೆಸರು.
ಇಪ್ಪತ್ತನಾಲ್ಕು ಜನರನ್ನು ಸೇರಿಸಿಕೊಂಡು
ಎರಡನೇ ವರ್ಷಕ್ಕೆ ಜರಡಿ ಹಿಡಿಯುತ್ತಾರಂತೆ,
ಹದಿನಾಲ್ಕು ಉಳಿಯುತ್ತವಂತೆ.
ಇದನ್ನು ಓದಿ ಹೇಳುವಾಗ ಅವಳ ಕಣ್ಣು ಹೊಳೆಯಿತು.
ಒಂದು ವರ್ಷದ ಶುಲ್ಕ, ನಾನು ಈ ಮನೆ ಕೊಂಡ ಬೆಲೆ.

ಇನ್ನೊಂದು ಅಯೋವಾದಲ್ಲಿ, ಜೋಳದ ಕಣಜದ ಎದುರು.
ಅಲ್ಲಿಯ ಪಿಯಾನೊದ ಒಂದು ಮನೆ ಒತ್ತಿದರೆ ಮೇಲೇಳದು,
ನುಡಿಸುವವನೇ ಉಗುರಲ್ಲಿ ಎಬ್ಬಿಸಬೇಕು.
ಬಣ್ಣ, ಮೊಳೆ, ದೀಪ, ಎಲ್ಲ ಹುಡುಗರದೇ ಕೈ.
ಲೊರೆಟ್ಟಾ ಪ್ರೂಯಿಟ್ ಎಂಬ ಟೀಚರು, ಕೊರಳಲ್ಲಿ ಎರಡು ಕನ್ನಡಕ,
ಹಾಡು ಅನ್ನಲಿಲ್ಲ ಇವಳಿಗೆ.
"ಇನ್ನೊಬ್ಬರು ಹಾಡುವಾಗ ನೀನೇನು ಮಾಡುತ್ತೀ?"
ಐನೋ ಬಾಯಿ ತೆರೆದಳು, ಮುಚ್ಚಿದಳು.
"ಹೋಗಿ ನಿಂತು ನೋಡು."
ನಿಂತಳು, ಮೂರನೇ ಸಾಲಲ್ಲಿ, ರಟ್ಟಿನ ಬೇಲಿಯ ಪಕ್ಕ.
ಮುಂದೆ ಗುರುತಿಲ್ಲದ ಹುಡುಗನೊಬ್ಬ ಹಾಡುತ್ತಿದ್ದ, ಸುಮಾರಾಗಿ.
ಅವಳು ಕೇಳಿದಳು. ಅಷ್ಟೇ.
ನನಗೆ ಆ ಹುಡುಗ ಕಾಣಲೇ ಇಲ್ಲ.
ಅವಳಮ್ಮ ಕೊನೆಯ ತಿಂಗಳು ಇವಳ ಹಾಡು ಕೇಳುತ್ತಿದ್ದಳಲ್ಲ,
ಆ ಮುಖ.

ಮೇ ಒಂದರೊಳಗೆ ಹೇಳಬೇಕು.
ಸರೋವರದ ಹಿಮ ಒಡೆದು ಹಡಗು ಬರತೊಡಗಿದ್ದವು,
ಎರಡು ಪಾಳಿ ಹಿಡಿದೆ. ದುಡ್ಡಿನ ಸುದ್ದಿ ಎತ್ತಲಿಲ್ಲ.
ಎತ್ತಲಿಲ್ಲ ಅಂದುಕೊಂಡಿದ್ದೆ.
ಮೊಳೆ ಅಂಗಡಿಯ ಬಿಲ್ಲಿನ ಬೆನ್ನಿಗೆ ಪೆನ್ಸಿಲಿನಲ್ಲಿ
ಕೂಡಿದ್ದು, ಕಳೆದದ್ದು, ಗೀಟು ಹೊಡೆದು ಮತ್ತೆ ಕೂಡಿದ್ದು,
ಫ್ರಿಜ್ಜಿನ ಮೇಲೆ ಬಿದ್ದಿತ್ತು.
ಬೆಳಿಗ್ಗೆ ಅಲ್ಲಿರಲಿಲ್ಲ.

"ಅಯೋವಾ" ಅಂದಳು, ಓಟ್ಸ್ ಗಂಜಿ ಕಲಕುತ್ತ.
"ಅಲ್ಲಿ ಜರಡಿ ಇಲ್ಲ."
"ಜರಡಿಗೆ ನೀನು ಹೆದರಿದವಳಲ್ಲ" ಅಂದೆ.
"ಅಲ್ಲ" ಅಂದಳು.
ಚಮಚೆ ತಿರುಗುತ್ತಲೇ ಇತ್ತು.
ಪ್ರೂಯಿಟ್ ಟೀಚರ ಪ್ರಶ್ನೆಗೆ ಹೂಂ ಅಂದೆಯೋ,
ನನ್ನ ಪೆನ್ಸಿಲಿಗೋ,
ಕೇಳಲು ಬಾಯಿ ಬರಲಿಲ್ಲ.

ಆ ರಾತ್ರಿ ನ್ಯೂಯಾರ್ಕಿಗೆ ಬೇಡವೆಂದು ಒತ್ತಿದಳು. ಒಂದೇ ಗುಂಡಿ.
ಆಮೇಲೆ ಬಚ್ಚಲಲ್ಲಿ, ನಲ್ಲಿ ಬಿಟ್ಟುಕೊಂಡು,
ಅದೇ ಹದಿನಾರು ಆವರ್ತ.
ಹದಿನಾರಕ್ಕೆ ನಿಲ್ಲಲಿಲ್ಲ.
ಹದಿನೇಳು. ಹದಿನೆಂಟು.
ಆ ಹಾಡಿಗೆ ಮುಂದೆಯೂ ಇದೆ ಎಂದು
ಚಳಿಗಾಲವಿಡೀ ಕೇಳಿದ ನನಗೆ ಗೊತ್ತೇ ಇರಲಿಲ್ಲ.
ಒಂದು ಬೂಟು ಬಿಚ್ಚಿದ್ದೆ.
ಇನ್ನೊಂದರ ದಾರ ಕೈಯಲ್ಲೇ.